ಕೆಂಪು ಬಲ್ಬಿನ ಕಿಟ್ ಬ್ಯಾಡ್ರಿ

ಹ್ವಾದ ವಾರ ನಮ್ಮ ಅಣ್ಣನ ಮಗಳು ಫೋನ್ ಮಾಡಿ, "ಅತ್ಯಾ, ಮನ್ಯಾಗ ಫಿಲ್ಮ್ ರೀಲ್ ತೊಳ್ಯೂ ಕಿಟ್ ತೊಗೋಬೇಕಂತ ಮಾಡೇನಿ, ಯಾವದು ಛಲೋ?" ಅಂತ ಕೇಳಿದ್ಲು. ನಿಮ್ಮ ಮಕ್ಕಳೂ ಅಟ್ಟದಿಂದ ಹಳೇ ಕ್ಯಾಮರಾ ಇಳಿಸಿರಬಹುದು, ಅದಕ್ಕ ಇಲ್ಲೇ ಬರೀಲಿಕ್ಕತ್ತೇನಿ.

ನಾ ಹೇಳೂದು ಇಷ್ಟ ನೋಡ್ರಿ. ಟ್ರೇ, ಕೆಂಪು ಬಲ್ಬು, ಎನ್‌ಲಾರ್ಜರ್ ಎಲ್ಲಾ ಇರೂ ದೊಡ್ಡ ಕಿಟ್ ಮೊದಲಿಗೇ ತೊಗೋಬ್ಯಾಡ್ರಿ. ಅವೆಲ್ಲಾ ಕಾಗದದ ಮ್ಯಾಲೆ ಫೋಟೋ ಮೂಡಸೂ ಸಾಮಾನು. ಬರೇ ರೀಲ್ ತೊಳ್ಯಾಕ ಬೇಕಾಗಂಗಿಲ್ಲ. ನಾ ಅಂಥಾದ್ದೇ ತೊಗೊಂಡೆ. ಸಿನಿಮಾದಾಗ ನೋಡಿದ್ದೆನಲ್ಲಾ, ಬಚ್ಚಲದಾಗ ಕೆಂಪು ಬಲ್ಬು ಹಚ್ಚಿ ಧೈರ್ಯಾಲೆ ರೀಲ್ ಬಿಚ್ಚಿದೆ. ನಮ್ಮ ಸಾದಾ ಕಪ್ಪು-ಬಿಳಿ ಫಿಲ್ಮಿಗೆ ಕೆಂಪು ಬೆಳಕೂ ತಾಗತದ ಅನ್ನೂದು ಗೊತ್ತಿರಲಿಲ್ಲ. ತೊಳದು ನೋಡಿದ್ರ ಇಡೀ ರೀಲ್ ಕಾಡಿಗಿ ಹಂಗ ಕರ್ರಗ. ಅದರಾಗ ನಮ್ಮವ್ವನ ಕಡೀ ದೀಪಾವಳಿ ಇತ್ತು.

ಹಂಗಾರ ಏನು ಬೇಕು? ಬೆಳಕು ಹೋಗದಂಥಾ ಡೆವಲಪಿಂಗ್ ಟ್ಯಾಂಕು, ಅದರೊಳಗ ಫಿಲ್ಮ್ ಸುತ್ತೂ ಸ್ಪೂಲು, ಕೈ ತೂರಿಸೂ ಕರೀ ಚೇಂಜಿಂಗ್ ಬ್ಯಾಗು, ಅಳತಿ ಜಗ್ಗು, ಡೆವಲಪರ್, ಫಿಕ್ಸರ್, ಮತ್ತ ಥರ್ಮಾಮೀಟರ್. ಒಮ್ಮೆ ಟ್ಯಾಂಕಿನ ಮುಚ್ಚಳ ಹಾಕಿದ್ರ ಮುಂದಿಂದೆಲ್ಲಾ ಬೆಳಕಿನ್ಯಾಗೇ ಮಾಡಬಹುದು. 35 ಎಂ.ಎಂ. ರೀಲ್ ಒಂದಕ್ಕ ಸುಮಾರು 300 ಮಿ.ಲೀ. ದ್ರಾವಣ ಸಾಕು.

ಥರ್ಮಾಮೀಟರಿನ್ಯಾಗ ಮಾತ್ರ ರೊಕ್ಕ ಉಳಸಬ್ಯಾಡ್ರಿ. ಡೆವಲಪರಿನ ಹೊತ್ತು ಸಾಮಾನ್ಯವಾಗಿ 20 ಡಿಗ್ರಿಗೆ ಅಂತ ಬರದಿರ್ತಾರ. ಬ್ಯಾಸಿಗ್ಯಾಗ ನಮ್ಮ ನಳದ ನೀರು ಅದಕ್ಕಿಂತ ಎಷ್ಟು ಬಿಸಿ ಇರ್ತದ ಅಂತ ನಿಮಗ ಗೊತ್ತೇ ಅದ. ಅದಕ್ಕ ಬಕೇಟಿನ್ಯಾಗ ಬರ್ಫ್ ಹಾಕಿ, ಅದರಾಗ ಬಾಟ್ಲಿ ಇಟ್ಟು ತಂಪು ಮಾಡ್ಕೋರಿ. ಡಿ-76 ಪುಡಿ ಸೋವಿ, ಆದ್ರ ಕಲಸಿದ ಮ್ಯಾಲೆ ತುಂಬಿದ ಬಾಟ್ಲ್ಯಾಗ ಆರು ತಿಂಗಳಷ್ಟ ಇರತದ. ಅಪರೂಪಕ್ಕ ತೊಳ್ಯಾವ್ರಿಗೆ ಬೇಕಾದಷ್ಟೇ ಕಲಸಿಕೊಳ್ಳೂ ಗಟ್ಟಿ ದ್ರಾವಣ ಛಲೋ.

ಇನ್ನೊಂದ್ ಮಾತು. ಅಡಿಗಿಮನಿ ಪಾತ್ರೆ, ಚಮಚಾ ಒಂದೂ ಇದಕ್ಕ ಮುಟ್ಟಸಬ್ಯಾಡ್ರಿ. ಬಳಸಿದ ಫಿಕ್ಸರಿನ್ಯಾಗ ಬೆಳ್ಳಿ ಕರಗಿರ್ತದ, ಅದನ್ನ ಗಿಡಕ್ಕ ಸುರವಬ್ಯಾಡ್ರಿ.

ಅಣ್ಣನ ಮಗಳ ಹತ್ರ ಆಕಿ ತಗದ ನಮ್ಮಪ್ಪನ ಫೋಟೋದ ರೀಲ್ ಅದ. ಆಕಿಗೆ ಹೇಳೀನಿ, "ಮೊದಲ ಹಾಳಾದ ಒಂದು ರೀಲ್ ತೊಗೊಂಡು, ಕಣ್ಣು ಮುಚ್ಚಿ ಸ್ಪೂಲಿಗೆ ಸುತ್ತೂದು ಕಲಿ. ಆಮ್ಯಾಲೆ ಬೆಕ್ಕಿಂದೋ ಅಂಗಳದ್ದೋ ಒಂದು ರೀಲ್ ತೊಳಿ. ಅಜ್ಜನ ರೀಲ್ ಮೂರನೇದು ಇರಲಿ."