ಸ್ಪರ್ಧೆಗಳ ನಡುವೆ ಕಳೆದುಹೋಗುವ ಆಗಮನ ಕಾಲ

ಡಿಸೆಂಬರ್ ಬಂತೆಂದರೆ ಹಾಸ್ಟೆಲ್ ಗೆಳೆಯರು ಕೇಳುವ ಮೊದಲ ಪ್ರಶ್ನೆ 'ಕೇಕ್ ಯಾವಾಗ?' ಎರಡನೆಯದು 'ನಿಮ್ಮ ಹಬ್ಬ ಶುರುವಾಯ್ತಲ್ಲ?' ಮಾಲ್‌ಗಳಲ್ಲಿ ನವೆಂಬರ್ ಕೊನೆಗೇ ಕ್ರಿಸ್ಮಸ್ ಟ್ರೀ ನಿಲ್ಲಿಸುವಾಗ ಅವರು ಹಾಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಚರ್ಚ್‌ನ ಕ್ಯಾಲೆಂಡರ್ ಪ್ರಕಾರ ಹಬ್ಬ ಶುರುವಾಗುವುದು ಡಿಸೆಂಬರ್ 24ರ ಸಂಜೆಗೆ. ಅದಕ್ಕೂ ಮೊದಲಿನ ವಾರಗಳು ಹಬ್ಬಕ್ಕಾಗಿ ಕಾಯುವ ಕಾಲ. ಕನ್ನಡದ ಪೂಜೆಯಲ್ಲಿ ಇದನ್ನು ಆಗಮನ ಕಾಲ ಎನ್ನುತ್ತೇವೆ, ಮನೆಯ ಕೊಂಕಣಿಯಲ್ಲಿ ಆದ್ವೆಂತ್. 'ಬರುವಿಕೆ' ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು ಅದು.

ಲೆಕ್ಕ ಸರಳ. ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ ಆಗಮನ ಕಾಲ ಆರಂಭವಾಗುತ್ತದೆ. ಹಾಗಾಗಿ ಇದು ಕೆಲವು ವರ್ಷ 22 ದಿನ, ಕೆಲವು ವರ್ಷ 28 ದಿನ. 2023ರಲ್ಲಿ ನಾಲ್ಕನೇ ಭಾನುವಾರವೇ ಡಿಸೆಂಬರ್ 24 ಆಗಿತ್ತು. ಬೆಳಿಗ್ಗೆ ನಾಲ್ಕನೇ ಮೇಣದಬತ್ತಿ ಹಚ್ಚಿ ಮನೆಗೆ ಹೋದವರು ರಾತ್ರಿ ಕ್ರಿಸ್ಮಸ್ ಪೂಜೆಗೆ ಮತ್ತೆ ಬಂದರು. ಈ ಸಲ ನವೆಂಬರ್ 30 ಭಾನುವಾರವೇ ಬಿದ್ದದ್ದರಿಂದ ನಮಗೆ ಸಿಕ್ಕಿದ್ದು 25 ದಿನ.

ಈ ದಿನಗಳಲ್ಲಿ ಚರ್ಚ್‌ನೊಳಗೆ ಎಲ್ಲವೂ ಸ್ವಲ್ಪ ತಗ್ಗಿದ ದನಿಯಲ್ಲಿ ನಡೆಯಬೇಕು ಎಂಬುದು ಪದ್ಧತಿ. ಫಾದರ್ ನೇರಳೆ ಬಣ್ಣದ ಉಡುಪು ತೊಡುತ್ತಾರೆ. ಭಾನುವಾರದ ಮಹಿಮಾ ಗೀತೆಯನ್ನು ಹಾಡುವುದಿಲ್ಲ. ಅದನ್ನು ಕ್ರಿಸ್ಮಸ್ ರಾತ್ರಿಗೆಂದೇ ಎತ್ತಿಡುತ್ತಾರೆ. ಹಸಿರೆಲೆಯ ಚಕ್ರದಲ್ಲಿ ಮೂರು ನೇರಳೆ, ಒಂದು ಗುಲಾಬಿ ಬಣ್ಣದ ಮೇಣದಬತ್ತಿ ಇಟ್ಟು ವಾರಕ್ಕೊಂದು ಹಚ್ಚುತ್ತಾರೆ. ಬೆಳ್ತಂಗಡಿ ಕಡೆಯ ಸೀರೊ ಮಲಬಾರ್ ಗೆಳೆಯರ ಮನೆಗಳಲ್ಲಿ ಡಿಸೆಂಬರ್ 1ರಿಂದಲೇ ಇಪ್ಪತ್ತೈದು ದಿನದ ಉಪವಾಸ, ಮೀನು ಮಾಂಸ ಇಲ್ಲ. ಕರಾವಳಿಯಲ್ಲಿ ಹುಟ್ಟಿ ಡಿಸೆಂಬರ್‌ನಲ್ಲಿ ಮೀನು ಬಿಡುವುದೆಂದರೇನು ಎಂದು ಗೊತ್ತಿದ್ದವರಿಗೇ ಗೊತ್ತು.

ಈಗ ನಮ್ಮ ಕಡೆಯ ಅನೇಕ ಚರ್ಚ್‌ಗಳ ನೋಟಿಸ್ ಬೋರ್ಡ್ ನೋಡಿ. ಮೊದಲ ವಾರ ನಕ್ಷತ್ರ ತಯಾರಿಸುವ ಸ್ಪರ್ಧೆ, ಎರಡನೇ ವಾರ ವಾರ್ಡ್‌ವಾರು ಕ್ಯಾರಲ್ ಸ್ಪರ್ಧೆ, ಮೂರನೇ ವಾರ ಗೋದಲಿ ಸ್ಪರ್ಧೆ, ನಡುವೆ ಕೇಕ್ ಸ್ಪರ್ಧೆ, ಯುವಕರ ಕ್ರಿಕೆಟ್ ಪಂದ್ಯ. ಮೇಣದಬತ್ತಿ ಒಂದೊಂದೇ ಹೊತ್ತಿಕೊಳ್ಳುತ್ತಿರುತ್ತದೆ, ಅತ್ತ ನೋಡಲು ಪುರುಸೊತ್ತಿರುವುದಿಲ್ಲ. ಕೊನೆಯ ವಾರ ಬೇರೆ ಊರುಗಳ ಫಾದರ್‌ಗಳು ಬಂದು ಪಾಪನಿವೇದನೆಗೆ ಕೂರುತ್ತಾರೆ. ಅದೇ ಹೊತ್ತಿಗೆ ಹಾಲ್‌ನಲ್ಲಿ ಡಾನ್ಸ್ ಪ್ರಾಕ್ಟೀಸ್‌ನ ಸ್ಪೀಕರ್ ಕೂಗುತ್ತಿರುತ್ತದೆ. ಕ್ರಿಸ್ಮಸ್ ಬರುವಷ್ಟರಲ್ಲಿ ನಮ್ಮಂಥವರಿಗೆ ಅದು ಮುಗಿದೇ ಹೋಗಿರುತ್ತದೆ. 26ರ ಬೆಳಿಗ್ಗೆ ನಕ್ಷತ್ರ ಇಳಿಸಿ ಅಟ್ಟಕ್ಕೆ ಹಾಕುವವರೂ ಇದ್ದಾರೆ, ಕ್ರಿಸ್ಮಸ್ ಕಾಲ ಜನವರಿಯಲ್ಲಿ ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ಇದೆ ಎಂಬುದು ನೆನಪಿಲ್ಲದೆ.

ಹಬ್ಬದ ಸಂಭ್ರಮ ಬೇಡ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಕುಸ್ವಾರ್ ಮಾಡುವ ದಿನ ನನಗೆ ಡಿಸೆಂಬರ್‌ನ ಅತ್ಯುತ್ತಮ ದಿನ. ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಸುರುಳಿ ಮಾಡಿದರೆ ಕಿಡ್ಯೊ. ಒಂದು ಕಿಲೋ ಹಿಟ್ಟಿಗೆ ನಾಲ್ಕು ಜನ ಕುಳಿತರೂ ಮಧ್ಯಾಹ್ನ ಕಳೆದುಹೋಗುತ್ತದೆ. ನೆವ್ರಿಯ ಹೂರಣ ತುಂಬುವಾಗ, ಗುಲಿಯೊ ಕರಿಯುವಾಗ ಅಜ್ಜಿ ಹಳೆಯ ಕಥೆ ಹೇಳುತ್ತಾರೆ. ಮಾಡಿದ್ದನ್ನೆಲ್ಲ ಡಬ್ಬಿಗೆ ತುಂಬಿ ಮುಚ್ಚಿಡುತ್ತಾರೆ, 25ರವರೆಗೆ ಮುಟ್ಟುವಂತಿಲ್ಲ. ಆಗಮನ ಕಾಲದ ಬಗ್ಗೆ ನನಗೆ ಯಾವ ಪ್ರವಚನವೂ ಕಲಿಸದ್ದನ್ನು ಆ ಡಬ್ಬಿಯ ಮುಚ್ಚಳ ಕಲಿಸಿದೆ. ಕೈ ಸೇರಿಸಿ ಮಾಡುವ ಕೆಲಸ ಬೇರೆ, ಅಂಕ ಹಾಕಿಸಿಕೊಳ್ಳಲು ಮಾಡುವ ಕೆಲಸ ಬೇರೆ. ವರ್ಷವಿಡೀ ಇಂಟರ್ನಲ್ಸ್, ಸಿಜಿಪಿಎ, ಆಪ್ಟಿಟ್ಯೂಡ್ ಟೆಸ್ಟ್ ಎಂದು ಅಂಕಗಳಲ್ಲೇ ಬದುಕುವ ನಮಗೆ ಚರ್ಚ್‌ನಲ್ಲೂ ತೀರ್ಪುಗಾರರು ಬೇಕೇ?

ಇದರಲ್ಲಿ ನನ್ನನ್ನು ನಿಜವಾಗಿ ಕಾಡುವ ವಿಷಯ ಇನ್ನೊಂದಿದೆ. ನನ್ನ ಅಕ್ಕ ಬಿಇ ಮುಗಿಸಿ ಒಂದೂವರೆ ವರ್ಷವಾಯಿತು. ಒಂದು ಕಂಪನಿಯ ಆಫರ್ ಲೆಟರ್ ಬಂದಿತ್ತು. ಸೇರುವ ದಿನಾಂಕ ಮುಂದೆ ಮುಂದೆ ಹೋಗಿ ಕೊನೆಗೆ ಮೇಲ್‌ಗಳೇ ನಿಂತವು. ಅವಳು ಮೊದಲು ಕ್ವಾಯರ್‌ನಲ್ಲಿ ಹಾಡುತ್ತಿದ್ದವಳು. ಈಗ ಭಾನುವಾರ ಎಂಟು ಗಂಟೆಯ ಪೂಜೆ ಬಿಟ್ಟು ಆರು ಗಂಟೆಯದಕ್ಕೆ ಹೋಗುತ್ತಾಳೆ, ಹಿಂದಿನ ಸಾಲಿನಲ್ಲಿ ಕುಳಿತು ಮುಗಿದ ತಕ್ಷಣ ಹೊರಡುತ್ತಾಳೆ. ಕಾರಣ ಎಲ್ಲರಿಗೂ ಗೊತ್ತಿರುವ ಆ ಪ್ರಶ್ನೆ, 'ಕೆಲಸ ಆಯ್ತಾ?' ಕೇಳುವವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಆದರೆ ಡಿಸೆಂಬರ್‌ನಲ್ಲಿ ಗಲ್ಫ್‌ನಿಂದ, ಬೆಂಗಳೂರಿನಿಂದ ಎಲ್ಲರೂ ಊರಿಗೆ ಬರುತ್ತಾರೆ, ಆ ಒಂದೇ ಪ್ರಶ್ನೆ ಐವತ್ತು ಬಾಯಿಗಳಿಂದ ಬರುತ್ತದೆ. ನನ್ನ ಸೀನಿಯರ್‌ಗಳಲ್ಲಿ ಇಂಥವರು ಹಲವರಿದ್ದಾರೆ. ದೇವಸ್ಥಾನದ ಜಾತ್ರೆ, ಈದ್, ಕಸಿನ್ ಮದುವೆ, ಎಲ್ಲಿ ಹೋದರೂ ಇದೇ ಕಥೆ ಎಂದು ಬೇರೆ ಧರ್ಮದ ಗೆಳೆಯರೂ ಹೇಳುತ್ತಾರೆ.

ಕಾಯುವುದಕ್ಕೆಂದೇ ವರ್ಷದಲ್ಲಿ ನಾಲ್ಕು ವಾರ ಮೀಸಲಿಟ್ಟ ಸಮುದಾಯ ನಮ್ಮದು. ನಮ್ಮ ನಡುವೆಯೇ ಕಾಯುತ್ತಿರುವವರ ಪಕ್ಕದಲ್ಲಿ ಸುಮ್ಮನೆ ಕೂರಲು ನಮಗೆ ಬರುವುದಿಲ್ಲ. ಫಲಿತಾಂಶಕ್ಕೆ, ಇಂಟರ್‌ವ್ಯೂ ಕರೆಗೆ, ವೀಸಾಕ್ಕೆ, ಡಯಾಲಿಸಿಸ್ ಸರದಿಗೆ ಕಾಯುವವರು ಪ್ರತಿ ವಾರ್ಡ್‌ನಲ್ಲೂ ಇದ್ದಾರೆ. ಅವರಿಗೆ ಈ ಕಾಲದಲ್ಲಿ ನಾವು ಕೊಡುವುದು ಒಂದು ಕ್ಯಾಲೆಂಡರ್, ಒಂದು ತುಂಡು ಕೇಕ್.

ಈ ವರ್ಷದ ಮೂರನೇ ಭಾನುವಾರ, ಡಿಸೆಂಬರ್ 14, ಗುಲಾಬಿ ಮೇಣದಬತ್ತಿಯ ದಿನ. ಅದನ್ನು ಸಂತೋಷದ ಭಾನುವಾರ ಎನ್ನುತ್ತಾರೆ. ಅಂದಿನ ಶುಭಸಂದೇಶ ಮಾತ್ರ ಜೈಲಿನಿಂದ ಶುರುವಾಗುತ್ತದೆ. ದೀಕ್ಷಾಸ್ನಾನ ಕೊಡುತ್ತಿದ್ದ ಯೊವಾನ್ನ ಸೆರೆಯಲ್ಲಿದ್ದಾನೆ. ಬರಲಿರುವವನು ಇವನೇ ಎಂದು ಊರಿಗೆಲ್ಲ ಸಾರಿದವನು ಈಗ ಶಿಷ್ಯರನ್ನು ಕಳಿಸಿ ಯೇಸುವನ್ನೇ ಕೇಳಿಸುತ್ತಾನೆ, ಬರಬೇಕಾದವನು ನೀನೇನಾ, ಅಥವಾ ನಾವು ಬೇರೆಯವನಿಗಾಗಿ ಕಾಯಬೇಕೋ ಎಂದು. ಅಷ್ಟು ದೊಡ್ಡ ಪ್ರವಾದಿಗೇ ಕಾದು ಕಾದು ಅನುಮಾನ ಬಂದಿದೆ. ಯೇಸು ಬಯ್ಯುವುದಿಲ್ಲ, ಏನು ನಡೆಯುತ್ತಿದೆಯೋ ಅದನ್ನು ಹೋಗಿ ಹೇಳಿ ಎಂದು ಆ ಶಿಷ್ಯರನ್ನು ಕಳಿಸುತ್ತಾನೆ. ಸಂತೋಷದ ಭಾನುವಾರಕ್ಕೆ ಈ ಪಾಠವನ್ನೇ ಇಟ್ಟವರು ಬುದ್ಧಿವಂತರು. ಕೆಲಸ ಸಿಗದೆ ದೇವರ ಮೇಲೇ ಮುನಿಸಿಕೊಂಡಿರುವ ನನ್ನ ಓರಗೆಯವರಿಗೆ ಇದಕ್ಕಿಂತ ಹತ್ತಿರದ ಪಾಠ ಇಲ್ಲ ಎನಿಸುತ್ತದೆ. ಸ್ಪರ್ಧೆಯ ಪ್ರಕಟಣೆಗಳ ನಡುವೆ ಅದು ಅವರ ಕಿವಿಗೆ ಬೀಳಬೇಕಷ್ಟೆ.

ಆಗಮನದ ಚಕ್ರದ ಮೂಲವೂ ಒಂದು ಸ್ಪರ್ಧೆಯಲ್ಲಿಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೊಹಾನ್ ಹಿನ್‌ರಿಷ್ ವಿಖರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ ಬಡ ಮಕ್ಕಳಿಗಾಗಿ ಒಂದು ಆಶ್ರಯ ಮನೆ ನಡೆಸುತ್ತಿದ್ದರು. ಕ್ರಿಸ್ಮಸ್‌ಗೆ ಎಷ್ಟು ದಿನ ಉಳಿಯಿತು ಎಂದು ಮಕ್ಕಳು ಕೇಳುತ್ತಲೇ ಇದ್ದರಂತೆ. 1839ರಲ್ಲಿ ಅವರು ಗಾಡಿಯ ಹಳೆಯ ಚಕ್ರವೊಂದರ ಮೇಲೆ ಮೇಣದಬತ್ತಿ ಜೋಡಿಸಿ ದಿನಕ್ಕೊಂದು ಹಚ್ಚಿದರು, ಭಾನುವಾರಕ್ಕೆ ದೊಡ್ಡದು, ಉಳಿದ ದಿನಕ್ಕೆ ಚಿಕ್ಕದು. ಕಾಯಲು ಕಷ್ಟಪಡುವವರಿಗಾಗಿ ಮಾಡಿದ ಸಾಧನ ಅದು. ಕ್ಯಾಥೊಲಿಕರಾದ ನಾವು ಅದನ್ನು ತಡವಾಗಿ ಎರವಲು ಪಡೆದೆವು.

ವಿಖರ್ನ್ ಆ ಮನೆ ತೆರೆದದ್ದು 1833ರಲ್ಲಿ. ಅದೇ ವರ್ಷ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಝನಾಮ್ ಎಂಬ ಕಾನೂನು ವಿದ್ಯಾರ್ಥಿ ಕೆಲವು ಗೆಳೆಯರೊಂದಿಗೆ ಸೈಂಟ್ ವಿನ್ಸೆಂಟ್ ದೆ ಪಾವ್ಲ್ ಸಭೆ ಶುರು ಮಾಡಿದ. ಆಗ ಅವನಿಗೆ ಇಪ್ಪತ್ತು ವರ್ಷ, ನನ್ನದೇ ವಯಸ್ಸು. ಬಡವರಿಗಾಗಿ ನಿಮ್ಮ ಚರ್ಚ್ ಇವತ್ತು ಏನು ಮಾಡುತ್ತಿದೆ ಎಂದು ಚರ್ಚಾಕೂಟವೊಂದರಲ್ಲಿ ಎದುರಾದ ಸವಾಲಿಗೆ ಅವರು ಕೊಟ್ಟ ಉತ್ತರ ಅದು. ಹಣ ಕಳಿಸಿ ಕೈ ತೊಳೆದುಕೊಳ್ಳದೆ ಬಡವರ ಮನೆಗೇ ಹೋಗಿ ಕೂತು ಮಾತಾಡಬೇಕು ಎಂಬುದು ಅವರ ಕ್ರಮ. ಆ ಸಭೆಯ ಘಟಕಗಳು ನಮ್ಮ ಕರಾವಳಿಯ ಚರ್ಚ್‌ಗಳಲ್ಲೂ ಇವೆ. ನಾನು ನೋಡಿದ ಮಟ್ಟಿಗೆ ಅವುಗಳಲ್ಲಿ ಇರುವವರೆಲ್ಲ ನಿವೃತ್ತರು. ವಿದ್ಯಾರ್ಥಿಗಳು ಕಟ್ಟಿದ್ದನ್ನು ಪೆನ್ಷನ್‌ದಾರರು ನಡೆಸುತ್ತಿದ್ದಾರೆ, ನಾವು ಹಾಲ್‌ನಲ್ಲಿ ಸ್ಟೆಪ್ ಕಲಿಯುತ್ತಿದ್ದೇವೆ.

ಹಾಗಾಗಿ ನನ್ನ ಸಲಹೆ ಕಷ್ಟದ್ದೇನಲ್ಲ. ಸ್ಪರ್ಧೆಗಳನ್ನು ಡಿಸೆಂಬರ್ 25ರ ನಂತರಕ್ಕೆ ಸರಿಸೋಣ. ಕ್ರಿಸ್ಮಸ್ ಕಾಲದಲ್ಲೇ ಕ್ಯಾರಲ್ ಹಾಡಿದರೆ ಅದಕ್ಕೆ ಅರ್ಥವೂ ಇರುತ್ತದೆ. ಖಾಲಿಯಾದ ಆ ನಾಲ್ಕು ವಾರಾಂತ್ಯಗಳಲ್ಲಿ ಪ್ರತಿ ವಾರ್ಡ್‌ನ ಯುವಕರು ಇಬ್ಬಿಬ್ಬರಾಗಿ ಮೂರೋ ನಾಲ್ಕೋ ಮನೆಗೆ ಹೋಗಲಿ. ಮಕ್ಕಳೆಲ್ಲ ವಿದೇಶದಲ್ಲಿರುವ ವಯಸ್ಸಾದವರ ಮನೆ, ಹಾಸಿಗೆ ಹಿಡಿದವರ ಮನೆ, ಕೆಲಸ ಹುಡುಕುತ್ತಿರುವವರ ಮನೆ. ಕೊನೆಯ ಮನೆಗೆ ಹೋದಾಗ ಆ ಒಂದು ಪ್ರಶ್ನೆ ಕೇಳಬಾರದು. ರೆಸ್ಯೂಮೆ ನೋಡಿಕೊಡಲು, ಒಂದು ಮಾಕ್ ಇಂಟರ್‌ವ್ಯೂ ಮಾಡಲು, ರೆಫರಲ್ ಕೊಡಲು ರಜೆಗೆ ಬಂದ ಅಣ್ಣಂದಿರು ತಯಾರಿದ್ದರೆ ಇನ್ನೂ ಒಳ್ಳೆಯದು. ಅದೂ ಆತ್ಮಿಕ ಸಿದ್ಧತೆಯೇ.

ಇದಕ್ಕೆ ಬಂದ ಆಕ್ಷೇಪಗಳಲ್ಲಿ ತಥ್ಯವಿದೆ. ಸ್ಪರ್ಧೆ ಇಲ್ಲದಿದ್ದರೆ ಯುವಕರು ಚರ್ಚ್ ಕಡೆ ಬರುವುದೇ ಇಲ್ಲ ಎನ್ನುತ್ತಾರೆ ಹಿರಿಯರು. ಕ್ಯಾರಲ್ ಪ್ರಾಕ್ಟೀಸ್‌ಗೆಂದು ಬಂದು ಚರ್ಚ್‌ನಲ್ಲೇ ಉಳಿದ ಹುಡುಗರನ್ನು ನಾನೂ ನೋಡಿದ್ದೇನೆ. 25ರ ನಂತರ ನಮ್ಮ ಸೆಮಿಸ್ಟರ್ ಪರೀಕ್ಷೆಗಳ ತಲೆಬಿಸಿ ಇರುತ್ತದೆ, ರಜೆಗೆ ಬಂದವರು ಹೊಸ ವರ್ಷ ಮುಗಿಸಿ ವಿಮಾನ ಹತ್ತುತ್ತಾರೆ. ಅದೆಲ್ಲ ಸರಿ. ಎಲ್ಲವನ್ನೂ ಒಮ್ಮೆಲೇ ಸರಿಸಲಾಗದಿದ್ದರೆ ಒಂದೆರಡನ್ನಾದರೂ ಸರಿಸಬಹುದು, ಮನೆ ಭೇಟಿಗೆ ಒಂದು ವಾರಾಂತ್ಯವನ್ನಾದರೂ ಬಿಟ್ಟುಕೊಡಬಹುದು.

ನಾವು ಐದಾರು ಮಂದಿ ಈ ಮಾತನ್ನು ನಮ್ಮ ವಾರ್ಡ್‌ನ ಗುರ್ಕಾರರ ಮುಂದಿಟ್ಟೆವು. ಅವರು ಫಾದರ್‌ಗೆ ಹೇಳಿದರು. ನಕ್ಷತ್ರ ಸ್ಪರ್ಧೆ 27ಕ್ಕೆ ಹೋಗಿದೆ. ಮನೆ ಭೇಟಿಗೆ ಹನ್ನೊಂದು ಹೆಸರುಗಳ ಪಟ್ಟಿ ಸಿಕ್ಕಿದೆ, ಮೂರು ಮನೆಗೆ ಹೋಗಿ ಬಂದಾಗಿದೆ. ಗೋದಲಿ ಸ್ಪರ್ಧೆಯ ದಿನಾಂಕ ಮಾತ್ರ ಬದಲಾಗಿಲ್ಲ. ತೀರ್ಪುಗಾರರು ಆ ದಿನ ಮಾತ್ರ ಸಿಗುತ್ತಾರಂತೆ.