ಎಷ್ಟು ಸಲ, ಎಷ್ಟು ಹೊತ್ತು?

ದೇಹಬಲವನ್ನು ಕುರಿತು ನಮ್ಮ ತರುಣರಲ್ಲಿ ಹಬ್ಬಿರುವ ಉತ್ಸಾಹವು ಸಂತೋಷಪಡತಕ್ಕುದೇ ಸರಿ. ಹೆಗ್ಗಡದೇವನಕೋಟೆಯಂತಹ ಕಾಡಂಚಿನ ಊರಿನಲ್ಲಿಯೂ ಸಂಜೆಯಾಯಿತೆಂದರೆ ಹುಡುಗರ ಬಾಯಲ್ಲಿ ಕಬ್ಬಿಣ ಎತ್ತುವ ಮಾತೇ ಮಾತು. ಆ ಮಾತಿನಲ್ಲಿ ಒಂದು ಸಂಖ್ಯೆ ಮಂತ್ರದಂತೆ ಮತ್ತೆ ಮತ್ತೆ ಕೇಳಿಬರುತ್ತದೆ: ಎಂಟರಿಂದ ಹನ್ನೆರಡು. ಎಂಟಕ್ಕಿಂತ ಕಡಮೆಯಾದರೆ ಮೈ ತುಂಬದಂತೆ. ಹನ್ನೆರಡನ್ನು ದಾಟಿದರೆ ಬರಿಯ ದಣಿವಂತೆ. ಗರಡಿಯ ಮಣ್ಣು ಕಂಡ ಹಿರಿಯರು ಇದನ್ನು ಕೇಳಿ ನಗುತ್ತಾರೆ. ಅವರ ಎಣಿಕೆ ನೂರರಿಂದ ಆರಂಭ. ಈ ಎರಡು ಪಕ್ಷಗಳ ನಡುವೆ ಸಿಕ್ಕಿಕೊಂಡ ಹುಡುಗನು ಹಣವನ್ನೂ ಕೆಲವೊಮ್ಮೆ ಸೊಂಟವನ್ನೂ ಕಳೆದುಕೊಳ್ಳುತ್ತಾನೆ.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆಂದು ಯಾರಾದರೂ ಹುಬ್ಬೇರಿಸಿದರೆ, ನಾನು ಕೆ. ವಿ. ಅಯ್ಯರ್ ಅವರ ಬೆನ್ನ ಹಿಂದೆ ನಿಂತುಕೊಳ್ಳುತ್ತೇನೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ಮಾತ್ರ ನಾವು ತರಗತಿಯಲ್ಲಿ ಹೇಳುವ ಆ ಮಹನೀಯರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಅಂಚೆಯ ಮೂಲಕ ದೂರದವರಿಗೂ ಅಂಗಸಾಧನೆ ಕಲಿಸಿದವರು. ಒಂದು ಕೈಯಲ್ಲಿ ಭಾರದ ಕಬ್ಬಿಣವನ್ನೂ ಇನ್ನೊಂದರಲ್ಲಿ ಸೂರ್ಯನಮಸ್ಕಾರವನ್ನೂ ಹಿಡಿದು, ಎರಡಕ್ಕೂ ಜಗಳವಿಲ್ಲವೆಂದು ತೋರಿಸಿದವರು. ಆ ಜಗಳ ಇಲ್ಲವೆಂಬುದೇ ಈ ಬರಹದ ವಾದವೂ ಆಗಿದೆ.

ಗರಡಿಯವರ ನೂರು ದಂಡ, ಇನ್ನೂರು ಬಸ್ಕಿಗಳಿಗೆ ಕಾರಣವಿತ್ತು. ಕುಸ್ತಿಯಲ್ಲಿ ಉಸಿರು ಮುಗಿದವನು ಸೋತಂತೆಯೇ. ಅಖಾಡದಲ್ಲಿ ನಿಲ್ಲಬೇಕಾದವನಿಗೆ ತಾಳಿಕೆ ಬೇಕು. ಆದರೆ ಗರಡಿಯೆಂದರೆ ಬರಿಯ ಎಣಿಕೆಯಲ್ಲ. ಗದೆ ತಿರುಗಿಸುವುದು, ಕಲ್ಲುಗುಂಡು ಎತ್ತುವುದು ಅಲ್ಲಿಯೇ ಇದ್ದವು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ವು ಮಲ್ಲರನ್ನು ಅವರ ವಯಸ್ಸು, ಮೈಕಟ್ಟುಗಳಿಗೆ ತಕ್ಕಂತೆ ವಿಂಗಡಿಸಿ, ಭಾರದ ಶ್ರಮ, ನಡಿಗೆಯ ಶ್ರಮ, ಈಜಿನ ಶ್ರಮಗಳನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಎಲ್ಲರಿಗೂ ಒಂದೇ ಸಂಖ್ಯೆಯೆಂಬ ಹಟ ಹಳಬರಿಗೆ ಇರಲಿಲ್ಲ. ಆ ಹಟ ಬಂದದ್ದು ಈಚೆಗೆ.

ಅದು ಬಂದ ದಾರಿಯೂ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡೆಲಾರ್ಮ್ ಎಂಬಾತನು 1945ರಲ್ಲಿ ತನ್ನ ಪದ್ಧತಿಯನ್ನು ಪ್ರಕಟಿಸಿದನು. ಹತ್ತು ಸಲ ಮಾತ್ರ ಎತ್ತಲು ಸಾಧ್ಯವಾಗುವ ಭಾರವನ್ನು ಹುಡುಕಿ, ಅದಕ್ಕೆ ತಕ್ಕಂತೆ ಏಳರಿಂದ ಹತ್ತು ಸುತ್ತು ಮಾಡಿಸುತ್ತಿದ್ದನು. 1948ರ ವೇಳೆಗೆ ಅಷ್ಟು ಬೇಕಿಲ್ಲವೆಂದು ಕಂಡು ಅದನ್ನು ಮೂರು ಸುತ್ತಿಗೆ ಇಳಿಸಿದನು. ಇಂದು ಜಿಮ್ಮಿನ ಗೋಡೆಯ ಮೇಲೆ ವೇದವಾಕ್ಯದಂತೆ ತೂಗುವ 'ಮೂರು ಸುತ್ತು, ಹತ್ತು ಸಲ' ಹುಟ್ಟಿದ್ದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ! (ಹುಡುಗರು 'ರೆಪ್ಸು', 'ಸೆಟ್ಟು' ಎನ್ನುತ್ತಾರೆ. ನಮ್ಮ 'ಸಲ', 'ಸುತ್ತು' ಎಂಬ ಎರಡು ಪುಟ್ಟ ಮಾತುಗಳು ಆ ಕೆಲಸಕ್ಕೆ ಧಾರಾಳವಾಗಿ ಸಾಕು.)

ಮುಂದೆ ನಡೆದ ಪರೀಕ್ಷೆಗಳು ಈ ಸಂಖ್ಯೆಯ ಬಿಗಿಯನ್ನು ಸಡಿಲಿಸಿವೆ. 2012ರಲ್ಲಿ ಕೆನಡಾದ ವಿದ್ವಾಂಸರು ತರುಣರ ಕಾಲಿಗೆ ಹತ್ತು ವಾರ ಸಾಧನೆ ಮಾಡಿಸಿದರು. ತಮ್ಮಿಂದ ಒಮ್ಮೆ ಎತ್ತಲಾಗುವ ಗರಿಷ್ಠ ಭಾರದ ನೂರಕ್ಕೆ 80ನ್ನು ಎತ್ತಿದ ಕಾಲೂ, ಬರಿಯ 30ನ್ನು ಇನ್ನಾಗದೆನ್ನುವವರೆಗೆ ಎತ್ತಿದ ಕಾಲೂ ಹೆಚ್ಚುಕಡಮೆ ಸಮನಾಗಿ ಬೆಳೆದವು. ಆದರೆ ಗರಿಷ್ಠ ಭಾರವನ್ನು ಎತ್ತುವ ಬಲವು ಭಾರಿ ತೂಕದಿಂದಲೇ ಹೆಚ್ಚಾಗಿ ಬಂದಿತು. 2015ರಲ್ಲಿ, ಮೊದಲೇ ಪಳಗಿದ ಗಂಡಸರಲ್ಲಿ 8ರಿಂದ 12 ಸಲವನ್ನೂ 25ರಿಂದ 35 ಸಲವನ್ನೂ ಹೋಲಿಸಿದಾಗಲೂ ಸ್ನಾಯುವಿನ ದಪ್ಪದಲ್ಲಿ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ.

ಇದು ಹೇಗೆ? ನಾಟಿಗೆ ಆಳು ಕರೆಯುವ ರೈತನನ್ನು ನೆನೆಯಿರಿ. ಸಣ್ಣ ಗದ್ದೆಗೆ ಮನೆಯವರೇ ಸಾಕು. ಕೆಲಸ ಹೆಚ್ಚಿದಾಗ ಅಥವಾ ಮನೆಯವರು ಬಳಲಿದಾಗ ಹೊರಗಿನವರನ್ನು ಕರೆಯುತ್ತಾನೆ. ನರವೂ ಹಾಗೆಯೇ ಸಣ್ಣ ತಂತುಗುಂಪುಗಳನ್ನು ಮೊದಲು ಎಬ್ಬಿಸಿ, ಭಾರ ಹೆಚ್ಚಾದರೆ ಅಥವಾ ಮೊದಲಿನವು ಸೋತರೆ ದೊಡ್ಡವನ್ನು ಎಬ್ಬಿಸುತ್ತದೆ. ಮೈ ತುಂಬುವುದಕ್ಕೆ ಆ ದೊಡ್ಡವು ದುಡಿಯಬೇಕು. ಐದು ಸಲದಲ್ಲಾಗಲಿ ಮೂವತ್ತು ಸಲದಲ್ಲಾಗಲಿ, ಇನ್ನೆರಡು ಸಲಕ್ಕಿಂತ ಹೆಚ್ಚು ಆಗದೆಂಬ ಹಂತದವರೆಗೆ ಹೋದರೆ ಅವು ದುಡಿಯುತ್ತವೆ. ಬಲದ ಮಾತು ಬೇರೆ. ಬಲದಲ್ಲಿ ಅರ್ಧ ವಿದ್ಯೆ. ಭಾರವನ್ನೆತ್ತುವುದನ್ನು ನರಗಳು ಭಾರವನ್ನೆತ್ತಿಯೇ ಕಲಿಯಬೇಕು. ಆದ್ದರಿಂದ ಬಲಾರ್ಥಿಗೆ ಮೂರರಿಂದ ಆರು ಸಲ.

ಹೊತ್ತಿನ ಮಾತೂ ಅಷ್ಟೆ. ಒಂದು ಸುತ್ತು ನಲವತ್ತು ಸೆಕೆಂಡಾದರೂ ನಡೆಯಲೇಬೇಕೆಂದು ಗಡಿಯಾರ ಹಿಡಿದವರಿದ್ದಾರೆ. ಒಂದು ಸಲದ ಏರಿಳಿತಕ್ಕೆ ಅರ್ಧ ಸೆಕೆಂಡಿನಿಂದ ಎಂಟು ಸೆಕೆಂಡಿನವರೆಗೆ ತೆಗೆದುಕೊಂಡರೂ ಬೆಳವಣಿಗೆ ಸುಮಾರಾಗಿ ಒಂದೇ ಎಂದು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಗಡಿಯಾರ ಬೇಕಾದದ್ದು ಸುತ್ತುಗಳ ನಡುವಣ ವಿಶ್ರಾಂತಿಗೆ. ಒಂದು ನಿಮಿಷ ಕುಳಿತವರಿಗಿಂತ ಮೂರು ನಿಮಿಷ ಕುಳಿತವರು ಹೆಚ್ಚು ಗಳಿಸಿದರೆಂದು 2016ರ ಒಂದು ಪರೀಕ್ಷೆಯಲ್ಲಿ ಕಂಡುಬಂದಿದೆ. ಬೆವರು ಆರಬಾರದೆಂದು ಹಾರಾಡುವ ನಮ್ಮ ಹುಡುಗರು ಈ ಸಂಗತಿಯನ್ನು ನಂಬುವುದೇ ಇಲ್ಲ!

ಹಾಗಾದರೆ ಹೊಗೆಸೊಪ್ಪಿನ ಹೊರೆ, ಶುಂಠಿಯ ಮೂಟೆ ಹೊರುವ ನಮ್ಮ ಸೀಮೆಯ ಜನರೆಲ್ಲರೂ ಭೀಮಸೇನರಾಗಬೇಕಾಗಿತ್ತಲ್ಲವೆ ಎಂದು ಕೇಳಬಹುದು. ಹೊರುವವನ ಮೂಟೆ ಹತ್ತು ವರ್ಷವಾದರೂ ಅದೇ ತೂಕ. ಅದಕ್ಕೆ ಬೇಕಾದಷ್ಟು ಒದಗಿಸಿ ದೇಹ ಅಲ್ಲಿಗೆ ನಿಲ್ಲುತ್ತದೆ, ಉಳಿಯುವುದು ದಣಿವು. ಮೂಟೆಯ ತೂಕವನ್ನು ಧಣಿ ನಿರ್ಧರಿಸುತ್ತಾನೆ. ಸಾಧಕನು ತನ್ನ ತೂಕವನ್ನು ತಾನೇ ನಿರ್ಧರಿಸಿ, ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾನೆ. ಬೆವರು ಎರಡರಲ್ಲಿಯೂ ಒಂದೇ.

ಬಡ ಹುಡುಗನಿಗೆ ಇದರಲ್ಲಿ ಒಂದು ಶುಭವಾರ್ತೆ ಇದೆ. ಯಂತ್ರಗಳಿಲ್ಲವೆಂದು ಕೊರಗಿ, ಮೈಸೂರಿಗೆ ಬಸ್ಸು ಹತ್ತಿ ತಿಂಗಳ ಶುಲ್ಕ ಕಟ್ಟಬೇಕಾಗಿಲ್ಲ. ದಂಡವನ್ನೇ ಹೊಡೆಯಲಿ, ಮೂವತ್ತು ಸಲೀಸಾದರೆ ನೂರಕ್ಕೆ ಓಡದೆ, ಕಾಲನ್ನು ಜಗಲಿಯ ಮೇಲಿಡಲಿ ಅಥವಾ ಬೆನ್ನಿಗೆ ಮರಳಿನ ಚೀಲ ಕಟ್ಟಿಕೊಳ್ಳಲಿ. ವಾರಕ್ಕೆ ಒಂದೊಂದು ಅಂಗಕ್ಕೆ ಹತ್ತು ಸುತ್ತು ಸಿಕ್ಕಿದರೆ ಆರಂಭಕ್ಕೆ ಬೇಕಾದಷ್ಟಾಯಿತು. ಡಬ್ಬಿಯ ಪುಡಿಗೆ ಸುರಿಯುವ ಹಣದಲ್ಲಿ ಮನೆಮಂದಿಗೆಲ್ಲ ಮೊಟ್ಟೆ, ಹುರುಳಿ, ಅವರೆ ಬರುತ್ತವೆ. ಭಾರಿ ಕಬ್ಬಿಣಕ್ಕೆ ಮಾತ್ರ ಬಲ್ಲವರೊಬ್ಬರು ಪಕ್ಕದಲ್ಲಿರಲೇಬೇಕು. ಎಂಟು-ಹನ್ನೆರಡು ಸುಳ್ಳೆಂದು ನಾನು ಹೇಳುತ್ತಿಲ್ಲ. ಹೊಸಬನಿಗೆ ಅದು ಅನುಕೂಲದ ಲೆಕ್ಕ. ಭಾರ ಅತಿಯಾಗದು, ಹೊತ್ತೂ ಅತಿಯಾಗದು. ಅನುಕೂಲವನ್ನು ನಿಯಮವೆಂದು ತಿಳಿಯುವುದಕ್ಕೆ ಮಾತ್ರ ನನ್ನ ಆಕ್ಷೇಪಣೆ.

ಇನ್ನೊಂದು ಮಾತು. ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಜಿಮ್ಮಿನ ಬಾಗಿಲು ತೆರೆದಿದ್ದರೂ ನಮ್ಮಂತಹ ಊರಿನಲ್ಲಿ ಅವರು ಒಳಗೆ ಹೋಗಲು ಅಂಜುತ್ತಾರೆ. ಮೇಲೆ ಹೇಳಿದ ಲೆಕ್ಕಗಳು ಅವರಿಗೂ ಹಾಗೆಯೇ ಸಲ್ಲುತ್ತವೆ. ವಯಸ್ಸಾದಂತೆ ಮೂಳೆ ಸವೆಯುವ ಭಯ ಹೆಚ್ಚಾಗಿರುವುದೂ ಅವರಿಗೇ. ತಾಲೂಕಿನ ಕಾಲೇಜುಗಳು ವಾರಕ್ಕೆ ಎರಡು ಸಂಜೆ ಒಂದು ಕೊಠಡಿಯನ್ನು ಅವರಿಗಾಗಿ ಬಿಟ್ಟುಕೊಟ್ಟು, ಕಲಿಸಬಲ್ಲ ಮಹಿಳೆಯೊಬ್ಬರನ್ನು ಗೊತ್ತುಮಾಡಲಿ. ನಾಲ್ಕು ಮರಳಿನ ಚೀಲ, ಒಂದು ಗೋಡೆ ಗಡಿಯಾರ, ಭಾರವನ್ನೂ ಸಲವನ್ನೂ ಬರೆದಿಡಲು ತಲೆಗೊಂದು ನೋಟುಬುಕ್ಕು. ಇದಕ್ಕೆ ಸರಕಾರದ ಅನುದಾನವನ್ನು ಕಾಯಬೇಕಾಗಿಲ್ಲ.