ಹಡಗಿನಲ್ಲಿಯೂ ಶಾಲೆಯ ಗಂಟೆ ಏಕೆ?



ನಿಮ್ಮಲ್ಲಿ ಹಲವರು ಇಂದು ಅಮೆರಿಕ, ದುಬೈ, ಸಿಂಗಾಪುರಗಳಲ್ಲಿ ನೆಲೆಸಿದ್ದೀರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿರುವ ತಂದೆತಾಯಿಯರನ್ನು ಕರೆಸಿಕೊಂಡು ಹಡಗಿನ ವಿಹಾರಕ್ಕೆ ಕರೆದೊಯ್ಯುವ ರೂಢಿ ನಿಮ್ಮಲ್ಲಿ ಬೆಳೆಯುತ್ತಿದೆ. ಸಂತೋಷ. ನವಿಲುತೀರ್ಥದ ರೇಣುಕಾಸಾಗರಕ್ಕಿಂತ ದೊಡ್ಡ ನೀರನ್ನು ಕಾಣದ ಹಿರಿಯರು ಕಡಲನ್ನು ಕಾಣಲಿ. ಆದರೆ ಹೊರಡುವ ಮುನ್ನ ನೀವು ನನ್ನನ್ನು ಕೇಳುವ ಒಂದು ಪ್ರಶ್ನೆಯ ಮೇಲೆ ನನ್ನ ತಕರಾರಿದೆ: “ಸರ್, ನೆಲವೇ ಕಾಣದ ದಿನಗಳಲ್ಲಿ ಅಪ್ಪ-ಅವ್ವ ಹೊತ್ತು ಹೇಗೆ ಕಳೆಯಬೇಕು?”

ಈ ಪ್ರಶ್ನೆಗೆ ಹಡಗಿನ ಕಂಪನಿಯವರಲ್ಲಿ ಉತ್ತರ ಸಿದ್ಧವಾಗಿದೆ. ಮರುದಿನದ ಕಾರ್ಯಕ್ರಮಪಟ್ಟಿ ಹಿಂದಿನ ಸಂಜೆಯೇ ಕೋಣೆಗೆ ಬರುತ್ತದೆ. ಮಗ-ಸೊಸೆಯರೊಡನೆ ಒಮ್ಮೆ ಏಳು ರಾತ್ರಿಗಳ ಯಾನ ಮಾಡಿದಾಗ ಅದನ್ನು ಕಂಡು ನನಗೆ ನಗು ಬಂತು. ಒಂಬತ್ತಕ್ಕೆ ವ್ಯಾಯಾಮ, ಹತ್ತಕ್ಕೆ ರಸಪ್ರಶ್ನೆ, ಹನ್ನೊಂದಕ್ಕೆ ತಂಬೋಲಾ, ಮಧ್ಯಾಹ್ನ ಚಿತ್ರಗಳ ಹರಾಜು! ಮೂವತ್ತಕ್ಕೂ ಹೆಚ್ಚು ವರ್ಷ ಗಂಟೆಯ ಸದ್ದಿಗೆ ತರಗತಿ ಬದಲಿಸಿದ ನನಗೆ ಅದು ಹೈಸ್ಕೂಲಿನ ವೇಳಾಪತ್ರಿಕೆಯಂತೆಯೇ ತೋರಿತು. ಮುಖ್ಯಾಧ್ಯಾಪಕರ ಸಹಿಯೊಂದು ಇರಲಿಲ್ಲ, ಅಷ್ಟೇ.

ಇದರ ಹಿಂದಿನ ಲೆಕ್ಕವನ್ನೂ ತಿಳಿಯಿರಿ. ಹಡಗು ಬಂದರಿನಲ್ಲಿ ನಿಂತಿರುವಾಗ ಅಲ್ಲಿಯ ಜೂಜಿನ ಕೋಣೆ, ಸುಂಕವಿಲ್ಲದ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ನೆಲದ ಕಾಯಿದೆ ಅಡ್ಡ ಬರುತ್ತದೆ. ಕಡಲಿನ ನಡುವೆ ಅವು ತೆರೆಯುತ್ತವೆ. ನೀವು ‘ಖಾಲಿ’ ಎನ್ನುವ ದಿನವೇ ಅವರಿಗೆ ಸಂತೆಯ ದಿನ. ಆದ್ದರಿಂದ ಪ್ರಯಾಣಿಕನು ಕಟಕಟೆಗೆ ಒರಗಿ ಸುಮ್ಮನೆ ನೀರು ನೋಡುತ್ತ ನಿಂತರೆ ಅವರಿಗೆ ಲಾಭವಿಲ್ಲ.

ಸುಮ್ಮನೆ ನಿಂತವರಿಗೆ ಏನು ದೊರಕಿತೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ. 1921ರಲ್ಲಿ ಇಂಗ್ಲೆಂಡಿನಿಂದ ಮರಳುತ್ತಿದ್ದ ಸಿ. ವಿ. ರಾಮನ್ ಅವರು ‘ನರ್ಕುಂಡಾ’ ಹಡಗಿನಲ್ಲಿದ್ದರು. ಕಡಲಿನ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಎಂದು ರ‍್ಯಾಲೆಯವರು ಹೇಳಿದ್ದನ್ನು ಅವರು ನಂಬಲಿಲ್ಲ. ನಿಕೋಲ್ ಪಟ್ಟಕದಿಂದ ಪ್ರತಿಫಲಿತ ಬೆಳಕನ್ನು ತಡೆದು ನೋಡಿದರು. ಆಗಲೂ ನೀಲಿ ಉಳಿಯಿತು. ಮುಂಬಯಿ ಬಂದರಿನಿಂದಲೇ ‘ನೇಚರ್’ ಪತ್ರಿಕೆಗೆ ಬರೆದರು. ಅಲ್ಲಿಂದ ನಡೆದ ದಾರಿ 1930ರ ನೊಬೆಲ್‌ಗೆ ಮುಟ್ಟಿತು. ಗಾಂಧೀಜಿ 1909ರ ನವೆಂಬರ್ 13ರಿಂದ 22ರವರೆಗೆ, ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹೋಗುವ ‘ಕಿಲ್ಡೋನನ್ ಕ್ಯಾಸಲ್’ ಹಡಗಿನಲ್ಲಿ ‘ಹಿಂದ್ ಸ್ವರಾಜ್’ ಬರೆದು ಮುಗಿಸಿದರು; ಬಲಗೈ ಸೋತಾಗ ಎಡಗೈಯಿಂದ ಬರೆದರು. ನಮ್ಮ ಪ್ರಾಂತದವರೇ ಆದ, ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟದ್ದು ಹಡಗಿನಲ್ಲಿಯೇ. ಅವರ ‘ಸಮುದ್ರಗೀತೆಗಳು’ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಇವರ ಕೈಗೆ ಯಾರೂ ತಂಬೋಲಾ ಚೀಟಿ ಕೊಡಲಿಲ್ಲವೆಂಬುದು ನಮ್ಮ ಭಾಗ್ಯ.

“ಅವರು ಮಹಾಪುರುಷರು, ನಮ್ಮ ಅಪ್ಪ ಶೇಂಗಾ ಬೆಳೆದವರು” ಎಂದು ನೀವು ವಾದಿಸಬಹುದು. ಹಾಗಾದರೆ ಆ ಅಪ್ಪನನ್ನೇ ಕೇಳಿರಿ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೊರಟಾಗ ದಾರಿಯುದ್ದಕ್ಕೂ ಯಾವ ಕಾರ್ಯಕ್ರಮಪಟ್ಟಿಯಿತ್ತು? ಎತ್ತಿನ ಕೊರಳ ಗೆಜ್ಜೆ, ಬುತ್ತಿಯ ಕಟಕ ರೊಟ್ಟಿ, ಹೆಂಗಸರ ಹಾಡು, ಹಿಂದಿನ ಬಂಡಿಯವರೊಡನೆ ಹರಟೆ, ನಡುನಡುವೆ ‘ಉಧೋ ಉಧೋ’. ಹೊತ್ತು ಕಳೆಯುವುದೆಂಬ ಚಿಂತೆ ಯಾರನ್ನೂ ಕಾಡುತ್ತಿರಲಿಲ್ಲ. ನೋಡುವ ಕಣ್ಣು, ಸುಮ್ಮನಿರುವ ಅಭ್ಯಾಸ ನಮ್ಮ ರೈತಾಪಿ ಹಿರಿಯರಿಗೆ ಕರಗತ. ಅದನ್ನು ಮರೆತವರು ನೀವು. ಪಾಠ ಹೇಳಿಸಿಕೊಳ್ಳಬೇಕಾದವರು ಅವರಲ್ಲ.

ನನ್ನ ನಿಜವಾದ ಅಸಮಾಧಾನ ಬೇರೆಡೆ ಇದೆ. ವರ್ಷವಿಡೀ ಭಾನುವಾರದ ಹತ್ತು ನಿಮಿಷದ ಫೋನಿನಲ್ಲಿ “ಊಟ ಆತಾ? ಗುಳಿಗಿ ತಗೊಂಡ್ಯಾ?” ಎಂದು ಕೇಳಿ ಮುಗಿಸುವ ಮಗನಿಗೆ, ತಂದೆಯೊಡನೆ ಎರಡು ಪೂರ್ತಿ ದಿನ ದೊರಕುವುದು ಇಂಥ ಯಾನದಲ್ಲಿ. ಹೊಲದ ಹಿಸ್ಸೆಯ ಮಾತು, ಅವ್ವನ ಆಪರೇಶನ್ನಿನ ಭಯ, ಮುಂದೆ ಎಲ್ಲಿ ಇರಬೇಕೆಂಬ ಪ್ರಶ್ನೆ ಎಲ್ಲವೂ ಅವರ ಬಾಯಿಯ ತುದಿಯಲ್ಲಿರುತ್ತವೆ. ಆ ದಿನವೂ ಅವರನ್ನು ರಸಪ್ರಶ್ನೆಗೆ ಕೂರಿಸಿ, ತಾನು ಹಣ ತೆತ್ತು ಇಂಟರ್ನೆಟ್ ಕೊಂಡು ಆಫೀಸಿನ ಮೇಲ್ ನೋಡುವ ಮಗನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನು ನನ್ನ ವಿದ್ಯಾರ್ಥಿಯಲ್ಲ, ಪುಣ್ಯ! ಆದರೆ ಆ ತಂದೆ ನಮ್ಮ ಕಡೆಯವರು. ಮೂರನೆಯ ದಿನ ನನ್ನೊಡನೆ ಡೆಕ್ಕಿನ ಮೇಲೆ ಕುಳಿತು ಎರಡು ತಾಸು ಮಾತಾಡಿದರು. ಮಗನಿಗೆ ಹೇಳಬೇಕಾದದ್ದನ್ನೆಲ್ಲ ಅಪರಿಚಿತನಾದ ನನಗೆ ಹೇಳಿದರು.

ಎಲ್ಲ ಮನರಂಜನೆಯೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನನ್ನ ಮನೆಯವರು ತಂಬೋಲಾದಲ್ಲಿ ಒಂದು ಟೋಪಿ ಗೆದ್ದರು, ಅದನ್ನು ಇನ್ನೂ ಹಾಕಿಕೊಳ್ಳುತ್ತಾರೆ. ಮಕ್ಕಳು ಆಡಲಿ, ಕುಣಿಯಲಿ. ಅಟ್ಲಾಂಟಿಕ್ ದಾಟಿ ಪಶ್ಚಿಮಕ್ಕೆ ಹೋಗುವ ಹಡಗಿನಲ್ಲಿ ಗಡಿಯಾರವನ್ನು ಆಗಾಗ ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಆ ದಿನಕ್ಕೆ 25 ತಾಸು. ಆ ಹೆಚ್ಚಿನ ಒಂದು ತಾಸನ್ನಾದರೂ ತಂದೆತಾಯಿಗೆ ಕೊಡಬಾರದೇ ಎಂದು ನನ್ನ ಪ್ರಶ್ನೆ.

ಬರುವ ರಜೆಯಲ್ಲಿ ಹೊರಡುವವರು ಬೆಳಿಗ್ಗೆ ಬೇಗ ಎದ್ದು ಡೆಕ್ಕಿನ ಮೇಲೆ ಮೂರು ಕುರ್ಚಿ ಹಿಡಿದಿಡಿ. ಎಂಟರ ಮೇಲೆ ಸಿಗುವುದಿಲ್ಲ. ಅವ್ವನಿಗೆ ಶಾಲು, ಅಪ್ಪನಿಗೆ ಮಫ್ಲರ್ ಮರೆಯಬೇಡಿ. ಅಲ್ಲಿ ಗಾಳಿ ಬಹಳ.